ಗುಂಡು ಹಾರಿದ ಊರಿನಲ್ಲಿ

ಹೊಸಪೇಟೆ ಬಿಟ್ಟ ಮೇಲೆ

ಹಂಪಿಯಲ್ಲಿ ಅತಿಥಿಗೃಹ ನಡೆಸುವವರಿಗೆ ಪರದೇಶ ದೂರದ ಮಾತಲ್ಲ. ಅದು ಬೆಳಿಗ್ಗೆ ಎದ್ದರೆ ನಮ್ಮ ಜಗಲಿಯಲ್ಲೇ ಕೂತು ಚಹಾ ಕೇಳುತ್ತಿರುತ್ತದೆ. ನಾನೂ ನನ್ನ ಯಜಮಾನರು ವೀರಣ್ಣನವರೂ ಎಷ್ಟೋ ದೇಶದವರಿಗೆ ಅನ್ನ ಬಡಿಸಿದ್ದೇವೆ, ಜ್ವರ ಬಂದರೆ ಗಂಜಿ ಕಾಯಿಸಿಕೊಟ್ಟಿದ್ದೇವೆ. ಹೊರಡುವಾಗ ಎಲ್ಲರೂ "ನಮ್ಮೂರಿಗೂ ಬನ್ನಿ" ಅನ್ನುತ್ತಾರೆ. ಅದು ಬಾಯುಪಚಾರ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ನಿಜಕ್ಕೂ ಕರೆದವಳು ಲಿಂಡಾ ಒಬ್ಬಳೇ. ಪ್ರತಿ ಚಳಿಗಾಲ ಬಂದು, ನಮ್ಮ ಮೂಲೆಕೋಣೆ ಹಿಡಿದು, ದಿನವಿಡೀ ಬಂಡೆಗಳ ಚಿತ್ರ ಬರೆಯುತ್ತಿದ್ದ ಅಮೆರಿಕದ ಹೆಂಗಸು. ತನ್ನೂರಿನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿದ್ದಳು.

ಆ ವರ್ಷಗಳಲ್ಲಿ ಸಂಡೂರಿನ ಗಣಿಗಳ ಕೆಂಪು ಮಣ್ಣು ಚೀನಾಕ್ಕೆ ಹೋಗುತ್ತಿತ್ತು. ಮಣ್ಣಿನ ಜೊತೆ ನಮ್ಮ ಮಂದಿಯೂ ಎಲ್ಲೆಲ್ಲಿಗೋ ಹೋಗತೊಡಗಿದ್ದರು. ನನ್ನ ತಮ್ಮ ಮಲ್ಲಿಕಾರ್ಜುನ ಸಂಡೂರಿನಲ್ಲಿ ಟಿಪ್ಪರ್ ಲಾರಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದ. ಅಮೆರಿಕದಲ್ಲಿ ಗಣಿ ಯಂತ್ರಗಳ ಪ್ರದರ್ಶನ ನೋಡಲು ಹೊರಟವನು, "ಅಕ್ಕಾ, ಲಿಂಡಾ ಮೇಡಂ ಊರು ಅಲ್ಲೇ ಹತ್ರ ಐತಂತ. ನೀನೂ ಬಾ. ಬ್ಯಾಸಿಗ್ಯಾಗ ಹಂಪಿಗೆ ಯಾರು ಬರ್ತಾರ?" ಅಂದ. ಬಂಡೆಗಳು ಹಂಚಿನಂತೆ ಕಾಯುವ ಕಾಲ. ನಮ್ಮ ಕೋಣೆಗಳೆಲ್ಲ ಖಾಲಿ. ಯಜಮಾನರು ಹೊಸಪೇಟೆ ಸ್ಟೇಷನ್ನಿನವರೆಗೆ ಬಂದು, ರೈಲು ಹೊರಡುವಾಗ, "ಅಲ್ಲಿ ಜೋರಾಗಿ ಮಾತಾಡಬ್ಯಾಡ" ಎಂದಷ್ಟೇ ಹೇಳಿ ಕಳಿಸಿದರು.

ಅಮೆರಿಕದ ವಿಮಾನ ನಿಲ್ದಾಣದಲ್ಲೇ ಮೊದಲ ಫಜೀತಿ. ನನ್ನ ಚೀಲದಲ್ಲಿ ಗುರೆಳ್ಳು ಚಟ್ನಿಪುಡಿ ಇತ್ತು. ಅಧಿಕಾರಿ ಆ ಕಪ್ಪು ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನಿಗೆ ಹೇಗೆ ಹೇಳುವುದೆಂದು ನಾನು ಇಂಗ್ಲಿಷ್ ಹುಡುಕುತ್ತಿದ್ದರೆ, ಮಲ್ಲಿಕಾರ್ಜುನ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಮಸ್ತ್!" ಅಂದ. ಇಬ್ಬರೂ ಅಧಿಕಾರಿಗಳು ನಕ್ಕರು. ಆದರೂ ಪುಡಿಯನ್ನು ವಾಪಸು ಕೊಡಲಿಲ್ಲ. ಸಿಡಿಮದ್ದಿನ ಪುಡಿ ಇದ್ದೀತೆಂಬ ಅನುಮಾನ ಎಂದು ಲಿಂಡಾ ಆಮೇಲೆ ವಿವರಿಸಿದಳು.

ಕಾಂಪೌಂಡಿಲ್ಲದ ಮನೆಗಳು

ಲಿಂಡಾಳ ಊರು ನನ್ನ ತವರು ಕಂಪ್ಲಿಗಿಂತ ಸಣ್ಣದು. ಮನೆಗಳಿಗೆ ಕಾಂಪೌಂಡಿಲ್ಲ, ಒಂದು ಮನೆಯ ಹುಲ್ಲು ಇನ್ನೊಂದು ಮನೆಯ ಹುಲ್ಲಿನೊಳಗೆ ಸೇರಿಹೋಗಿರುತ್ತದೆ. ಇಷ್ಟು ನಂಬಿಕೆಯ ಜನ ಎಂದುಕೊಂಡೆ. ಆದರೆ ಬೀದಿಯಲ್ಲಿ ಮನುಷ್ಯರೇ ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವರಿಲ್ಲ, "ಎಲ್ಲಿಗೆ ಹೊಂಟ್ರಿ?" ಎಂದು ಕೇಳುವವರಿಲ್ಲ. ನಾನು ಹಿತ್ತಲಲ್ಲಿ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದನ್ನು ನೋಡಿ ಲಿಂಡಾ ಫೋಟೋ ತೆಗೆದುಕೊಂಡಳು. ಅವರಲ್ಲಿ ಬಟ್ಟೆಯೂ ಮನೆಯೊಳಗೇ ಒಣಗುತ್ತದೆ.

ಬೀದಿಯಲ್ಲಿ ನಮ್ಮನ್ನು ಮಾತಾಡಿಸಿದ ಮೊದಲಿಗರು ಎದುರು ಮನೆಯ ದಂಪತಿ. ರೇ ಎಂಬಾತ ಕಲ್ಲಿನ ಕ್ವಾರಿಯಲ್ಲಿ ಡಂಪರ್ ಓಡಿಸುತ್ತಿದ್ದ ಭಾರೀ ಎತ್ತರದ ಮನುಷ್ಯ. ಅವನ ಹೆಂಡತಿ ಕ್ಯಾರಲ್, ಊರಿನ ದೊಡ್ಡ ದಿನಸಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು. ಅವರಿಗೆ ಮಕ್ಕಳಿರಲಿಲ್ಲ. ಡಂಪರ್ ಎಂಬ ಒಂದೇ ಶಬ್ದದ ಮೇಲೆ ರೇ ಮತ್ತು ಮಲ್ಲಿಕಾರ್ಜುನ ಗೆಳೆಯರಾದರು. ಇವನಿಗೆ ಅವನ ಇಂಗ್ಲಿಷ್ ಅರ್ಧ ತಿಳಿಯದು, ಅವನಿಗೆ ಇವನದು ಪೂರ್ತಿ ತಿಳಿಯದು. ಇಂಜಿನ್ನಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತ ಇಬ್ಬರೂ ಗಂಟೆಗಟ್ಟಲೆ ಕೂತಿರುತ್ತಿದ್ದರು.

ಕ್ಯಾರಲ್‌ಳ ಅಂಗಡಿಯಲ್ಲಿ ನನ್ನ ಎರಡನೆಯ ಫಜೀತಿ ನಡೆಯಿತು. ಸಾರಿಗೆಂದು ಕೊತ್ತಂಬರಿ ಆರಿಸಿಕೊಂಡು ಅವಳ ಬಿಲ್ಲಿನ ಮೇಜಿಗೆ ಹೋದೆ. "ನಿಮಗೆ ಬೇಕಾದದ್ದು ಇದೇನಾ?" ಅಂದಳು. ನಾನು ನಮ್ಮ ರೂಢಿಯಂತೆ ತಲೆ ಅತ್ತಿತ್ತ ತೂಗಿದೆ. ಬೇಡವೆಂದು ತಿಳಿದು ಪಕ್ಕಕ್ಕಿಟ್ಟಳು. ನಾನು ಮತ್ತೆ ಮುಂದಕ್ಕಿಟ್ಟೆ. ಆಕೆ ಮತ್ತೆ ಕೇಳಿದಳು. ನಾನು ಮತ್ತೆ ತೂಗಿದೆ. ಹಿಂದೆ ಸಾಲು ಬೆಳೆಯಿತು. ಹೊಸಪೇಟೆ ಮಾರ್ಕೆಟ್ಟಿನಲ್ಲಾಗಿದ್ದರೆ ಅಷ್ಟರಲ್ಲಿ ನನ್ನ ವಂಶವನ್ನೇ ಎತ್ತಿ ಆಡುತ್ತಿದ್ದರು. ಇಲ್ಲಿ ಯಾರೂ ಗೊಣಗಲಿಲ್ಲ. ಲಿಂಡಾ ಬಂದು ಬಿಡಿಸಿ ಹೇಳಿದ ಮೇಲೆ ಕ್ಯಾರಲ್ ನಗುತ್ತ ತಾನೂ ನನ್ನ ಹಾಗೆ ತಲೆ ತೂಗಿ ನೋಡಿದಳು. ಮನೆಗೆ ಬಂದು ನೋಡಿದರೆ ನಾನು ತಂದದ್ದು ಕೊತ್ತಂಬರಿಯೇ ಅಲ್ಲ, ಅದರಂತೆಯೇ ಕಾಣುವ, ಘಮವಿಲ್ಲದ ಬೇರೆ ಸೊಪ್ಪು. ಸಂಜೆ ಕೆಲಸ ಮುಗಿಸಿ ಬಂದ ಕ್ಯಾರಲ್ ರಸ್ತೆ ದಾಟಿ ಬಂದಳು. ಕೈಯಲ್ಲಿ ನಿಜವಾದ ಕೊತ್ತಂಬರಿ ಕಟ್ಟು. "ಆಗಲೇ ಅನುಮಾನ ಬಂತು ನನಗೆ. ಅಷ್ಟು ದೂರದಿಂದ ಬಂದವರು ಅದನ್ನು ಹುಡುಕುತ್ತಿರಲಾರರು ಅನ್ನಿಸಿತು" ಅಂದಳು. ಆವತ್ತಿನ ಸಾರು ಆಕೆಗೂ ಒಂದು ಬಟ್ಟಲು ಹೋಯಿತು.

ಮೀನಿನ ಗಾಳದ ಅಂಗಡಿ

ಒಂದು ದಿನ ರೇ ನಮ್ಮೆಲ್ಲರನ್ನೂ ಮೀನಿನ ಗಾಳ ಕೊಳ್ಳುವ ಅಂಗಡಿಗೆ ಕರೆದುಕೊಂಡು ಹೋದ. ಗಾಳ, ದಾರ, ಉಣ್ಣೆಯ ಕಾಲುಚೀಲ, ಅದರ ಪಕ್ಕದ ಗೋಡೆಯ ತುಂಬ ಬಂದೂಕು. ಪೊರಕೆಗಳನ್ನು ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಮಲ್ಲಿಕಾರ್ಜುನನ ಕಣ್ಣು ಅಲ್ಲೇ ನಿಂತಿತು.

ಆಗ ಸಂಡೂರು, ಹೊಸಪೇಟೆಗಳಲ್ಲಿ ಸ್ವಲ್ಪ ಮೇಲೆ ಬಂದವರಿಗೆಲ್ಲ ಒಬ್ಬ ಗನ್‌ಮ್ಯಾನ್ ಬೇಕೆನ್ನಿಸುತ್ತಿತ್ತು. ಹೋಟೆಲಿನಲ್ಲಿ ಯಜಮಾನ ಇಡ್ಲಿ ತಿನ್ನುತ್ತಿದ್ದರೆ ಪಕ್ಕದ ಮೇಜಿನಲ್ಲಿ ಗನ್‌ಮ್ಯಾನ್ ಮೊಣಕಾಲ ನಡುವೆ ಬಂದೂಕು ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ನನ್ನ ತಮ್ಮನಿಗೂ ಒಂದು ಪಿಸ್ತೂಲಿನ ಆಸೆ. ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಇಲ್ಲಿ ಅಂಗಡಿಯವನು ಅವನ ಕೈಗೊಂದು ರೈಫಲ್ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದ. ತಮ್ಮ ನನ್ನ ಕೈಗೆ ಕ್ಯಾಮೆರಾ ಕೊಟ್ಟು, "ಅಕ್ಕಾ, ಜಲ್ದಿ ತಗಿ" ಅಂದ. ನಾನೂ ತೆಗೆದೆ. ಸುಳ್ಳೇಕೆ, ಆ ಫೋಟೋದಲ್ಲಿ ನನ್ನ ತಮ್ಮ ಚೆಂದವೇ ಕಾಣುತ್ತಿದ್ದ.

ರೇ ಬೇಟೆಗಾರ. ಜಿಂಕೆ ಹೊಡೆದು, ಮಾಂಸವನ್ನು ಚಳಿಗಾಲಕ್ಕೆ ಕೂಡಿಡುವ ಮನೆತನ. "ನಮ್ಮಪ್ಪ ನನಗೆ ಮೊದಲು ಕಲಿಸಿದ್ದು ಗುಂಡು ಹಾರಿಸುವುದನ್ನಲ್ಲ, ಹಾರಿಸದೆ ಇರುವುದನ್ನು" ಅಂದ. ಅದು ಒಳ್ಳೆಯ ಮಾತು ಅನ್ನಿಸಿತು. ಕಂಪ್ಲಿಯಲ್ಲಿ ಕಬ್ಬಿಗೆ ಬರುವ ಹಂದಿಗಳನ್ನು ಬೆದರಿಸಲು ನಮ್ಮಪ್ಪನೂ ಒಂದು ಹಳೆಯ ನಳಿಗೆ ಬಂದೂಕು ಇಟ್ಟುಕೊಂಡಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಬೀಳುತ್ತಿತ್ತು. ಮಿಕ್ಕ ದಿನ ಅದು ಅಟ್ಟದ ಮೇಲೆ.

ಬುಧವಾರ

ಆ ಬೆಳಿಗ್ಗೆ ನಾನು ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದೆ. ಸೈರನ್ನು ಕೇಳಿಸಿತು. ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಬಿಡುವೇ ಇಲ್ಲದೆ. ಗಣಿಯಲ್ಲಿ ಗುಡ್ಡ ಕುಸಿದರೆ ಸಂಡೂರಿನ ಹತ್ತಿರದ ಯಶವಂತನಗರದ ಕಡೆಗೆ ಹೀಗೆ ಗಾಡಿಗಳು ಓಡುವುದನ್ನು ಕಂಡಿದ್ದೆ. ಹಾಗೇ ಏನೋ ಆಯಿತೆಂದು ಒಳಗೆ ಬಂದರೆ ಲಿಂಡಾ ಫೋನು ಕಿವಿಗಿಟ್ಟುಕೊಂಡು ಗೋಡೆಗೆ ಆತು ನಿಂತಿದ್ದಳು. ದಿನಸಿ ಅಂಗಡಿಯಲ್ಲಿ ಯಾರೋ ಗುಂಡು ಹಾರಿಸುತ್ತಿದ್ದಾನೆ ಅಂದಳು. ನಾವಿಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗಿದೆವು. ಎದುರು ಮನೆಯಿಂದ ರೇ ಓಡಿ ಬಂದ, ಗಾಡಿ ಹತ್ತಿ ಹೋದ. ಬಾಗಿಲು ತೆರೆದೇ ಇತ್ತು. ಅವರ ನಾಯಿ ಹೊಸ್ತಿಲಲ್ಲಿ ನಿಂತು ರಸ್ತೆ ನೋಡುತ್ತಿತ್ತು.

ಅಂಗಡಿಯಲ್ಲಿದ್ದವರ ಮನೆಮಂದಿಯನ್ನೆಲ್ಲ ಪೊಲೀಸರು ಚರ್ಚಿಗೆ ಕಳಿಸಿದ್ದರು. ನಾವೂ ಹೋದೆವು. ಬದುಕಿ ಬಂದವರನ್ನು ಬಸ್ಸಿನಲ್ಲಿ ಅಲ್ಲಿಗೆ ತಂದು ಇಳಿಸುತ್ತಿದ್ದರು. ಬಸ್ಸು ಬಂದಾಗಲೆಲ್ಲ ಜನ ಎದ್ದು ನಿಲ್ಲುವರು. ಯಾರೋ ಯಾರನ್ನೋ ಅಪ್ಪಿಕೊಂಡು ಅಳುವರು, ಮಿಕ್ಕವರು ಮತ್ತೆ ಕುಳಿತುಕೊಳ್ಳುವರು. ಬಸ್ಸುಗಳು ನಿಂತ ಮೇಲೂ ಕೂತೇ ಇದ್ದವರಲ್ಲಿ ರೇ ಒಬ್ಬ. ಅವನ ಪಕ್ಕದಲ್ಲಿ ಮಲ್ಲಿಕಾರ್ಜುನ. ಅಧಿಕಾರಿಯೊಬ್ಬರು ಟೋಪಿ ಕೈಯಲ್ಲಿ ಹಿಡಿದು ಅವರ ಕಡೆ ನಡೆದು ಬಂದಾಗ ನನ್ನ ತಮ್ಮ ಮುಖ ಮುಚ್ಚಿಕೊಂಡ. ರೇ ಎದ್ದು ನಿಂತು ಅವರ ಕೈಕುಲುಕಿದ. ಏಕೆಂದು ಅವನಿಗೂ ಗೊತ್ತಿರಲಾರದು.

ಹಲವರು ಸತ್ತಿದ್ದರು. ಹೊಡೆದವನು ನಮ್ಮ ಹಿಂದಿನ ಬೀದಿಯ ಯುವಕ. ಕಡೆಗೆ ತಾನೂ ಹೊಡೆದುಕೊಂಡಿದ್ದ. ಬಂದೂಕನ್ನು ಗಾಳ ಮಾರುವಂಥ ಅಂಗಡಿಯಲ್ಲೇ ದುಡ್ಡು ಕೊಟ್ಟು ಕೊಂಡಿದ್ದನಂತೆ, ಎಲ್ಲರ ಹಾಗೆ.

ಕೊಡೆ ಹೊತ್ತ ವ್ಯಾನುಗಳು

ಮರುದಿನ ಬೆಳಗಾಗುವಷ್ಟರಲ್ಲಿ ನೆತ್ತಿಯ ಮೇಲೆ ಬಿಳಿ ಕೊಡೆಯಂಥ ಡಿಶ್ ಹೊತ್ತ ಟಿವಿ ವ್ಯಾನುಗಳು ಬೀದಿ ತುಂಬಿದ್ದವು. ಮನುಷ್ಯರೇ ಕಾಣದ ರಸ್ತೆಯಲ್ಲಿ ಜಾತ್ರೆ. ವರದಿ ಮಾಡುವ ಹೆಣ್ಣುಮಗಳು ಒಬ್ಬಳು ಮುಖಕ್ಕೆ ಪೌಡರು ಹಚ್ಚಿಸಿಕೊಂಡು, ದನಿ ಇಳಿಸಿ, ದುಃಖದಿಂದ ಮಾತಾಡಿ, ಕ್ಯಾಮೆರಾ ಆರಿದ ಕೂಡಲೇ ಕಾಫಿ ಕೇಳುವಳು. ಆಕೆಯನ್ನು ಬೈಯಲು ಮನಸ್ಸು ಬರಲಿಲ್ಲ. ಸಂಜೆ ಅವಳೇ ವ್ಯಾನಿನ ಹಿಂದೆ ಒಬ್ಬಳೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನೂ ಕಂಡೆ.

ಮನೆಯೊಳಗೆ ಟಿವಿ ಹಾಕಿದರೆ ಆ ಯುವಕನದೇ ಮುಖ. ಅವನ ಹೆಸರು, ಅವನ ಶಾಲೆ, ಅವನು ತಿನ್ನುತ್ತಿದ್ದದ್ದು, ಅವನ ಬಂದೂಕಿನ ಜಾತಿ. ಸತ್ತವರ ಫೋಟೋಗಳು ಅಂಚೆಚೀಟಿಯಷ್ಟಾಗಿ ಮೂಲೆಯಲ್ಲಿ ಹಾದುಹೋಗುತ್ತಿದ್ದವು. ಕ್ಯಾರಲ್ ಬಂದು ಹೋದದ್ದು ಒಂದು ಕ್ಷಣ. ಲಿಂಡಾ ಟಿವಿ ಆರಿಸಿದಳು. ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಹಾಕಿದಳು.

ಅಂಗಳಕ್ಕೆ ಬಂದ ನನ್ನನ್ನೂ ಬಿಡಲಿಲ್ಲ. ಸೀರೆ ಕಂಡು ಮೈಕು ಹಿಡಿದರು. ಬಂದೂಕಿನ ಬಗ್ಗೆ ಏನನ್ನುತ್ತೀರಿ ಎಂದು ಕೇಳಿದರು. "ಆಕಿ ನನಗ ಕೊತ್ತಂಬ್ರಿ ತಂದುಕೊಟ್ಟಿದ್ಲು" ಎಂದು ಕನ್ನಡದಲ್ಲೇ ಹೇಳಿ ಒಳಗೆ ಬಂದುಬಿಟ್ಟೆ. ನನ್ನ ಮಾತು ಅವರಿಗೆ ಯಾತಕ್ಕೂ ಬರಲಿಲ್ಲ. ಮುಖ ಮಾತ್ರ ಬಂತು. ಅಳುತ್ತಿರುವ ಭಾರತೀಯ ಹೆಂಗಸು ಎಂದು ನನ್ನನ್ನು ಊರೂರಿಗೆ ತೋರಿಸಿದರು. ಅದು ಹೇಗೋ ಹಾರಿ ನಮ್ಮ ನಾಡಿನ ಒಂದು ಚಾನೆಲ್ಲಿಗೂ ತಲುಪಿತು, ಅಲ್ಲಿ ಯಾರೋ ನನ್ನ ಗುರುತು ಹಿಡಿದರು. ಆಮೇಲೆ ಹಂಪಿಯಿಂದ ಫೋನು.

"ಶಾಂತಾ? ಶಾಂತಾನ ಏನು ಮಾತಾಡೋದು?" ಯಜಮಾನರು ಕೂಗುತ್ತಿದ್ದರು.

"ಹೌದ್ರಿ, ನಾನ."

"ಬದುಕೀ ಏನು?"

"ಸತ್ತಾಕಿ ಫೋನ್ ಎತ್ತತಾಳೇನ್ರಿ?"

ಆ ಕಡೆ ಮೂಗು ಎಳೆದುಕೊಳ್ಳುವ ಸದ್ದು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ.

"ಟೀವ್ಯಾಗ ಬರಾಕತ್ತೈತಿ, ಹಂಪಿ ಮಹಿಳೆ ಗುಂಡಿಗೆ ಬಲಿ ಅಂತ. ಕಡೀಗೆ ಒಂದು ಪ್ರಶ್ನೆ ಗುರ್ತು ಹಾಕ್ಯಾರ. ಆದ್ರ ಅದು ಭಾಳ ಸಣ್ಣದೈತಿ. ಇಲ್ಲಿ ಅಂಗಳದ ತುಂಬ ಮಂದಿ ಕೂಡ್ಯಾರ. ಕಂಪ್ಲಿಂದ ನಿಮ್ಮಣ್ಣನ ಮನಿಯವ್ರು ಗಾಡಿ ಮಾಡ್ಕೊಂಡು ಹೊಂಟಾರಂತ."

ಅವರು ಫೋನನ್ನು ಅಂಗಳದಲ್ಲಿದ್ದವರ ಕೈಗೆ ಒಬ್ಬೊಬ್ಬರಿಗೇ ಕೊಟ್ಟರು. ನಾನು ಬದುಕಿದ್ದೇನೆಂದು ಪ್ರತಿಯೊಬ್ಬರಿಗೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ, ಎದುರು ಮನೆಗೆ ಹೀಗೊಂದು ಫೋನು ಯಾವತ್ತೂ ಬರುವುದಿಲ್ಲವಲ್ಲ ಅನ್ನಿಸಿತು.

ಎದುರು ಮನೆ

ಸತ್ತ ಮನೆಯಲ್ಲಿ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ತರುತ್ತಾರೆ. ಇಲ್ಲೂ ಅದೇ ರೂಢಿ ಕಂಡು ನನಗೆ ಆಶ್ಚರ್ಯ. ಬೆಳ್ಳಿಕಾಗದ ಮುಚ್ಚಿದ ತಟ್ಟೆಗಳಿಂದ ರೇಯ ಅಡುಗೆಮನೆ ತುಂಬಿಹೋಗಿತ್ತು. ಆದರೆ ತಂದವರು ಪಿಸುಮಾತಿನಲ್ಲಿ ಒಂದು ಸಾಂತ್ವನ ಹೇಳಿ, ಅವನ ತೋಳು ಮುಟ್ಟಿ, ಹೊರಟುಬಿಡುವರು. ಯಾರೂ ಅಳುತ್ತಿರಲಿಲ್ಲ. ಅತ್ತರೆ ಅವನಿಗೆ ಭಾರವಾದೀತೆಂದು ಅವರ ಭಾವನೆ.

ನಾನು ಅನ್ನ, ತಿಳಿಸಾರು ಮಾಡಿಕೊಂಡು ತಮ್ಮನ ಜೊತೆ ಹೋದೆ. ಒಳಗೆ ಗೂಟಕ್ಕೆ ಕ್ಯಾರಲ್‌ಳ ಅಂಗಿ ತೂಗುತ್ತಿತ್ತು. ಕಂಪ್ಲಿಯಲ್ಲಿ ನಮ್ಮವ್ವ ಹೋದಾಗ ಊರ ಹೆಂಗಸರೆಲ್ಲ ಕೂತು, ಆಕೆಯ ಗುಣ ಎತ್ತಿ ಆಡಿ ಅತ್ತಿದ್ದರು. ಅದು ನೆನಪಾಯಿತೋ ಏನೋ, ಪಾತ್ರೆ ಕೆಳಗಿಟ್ಟವಳು ಅಲ್ಲೇ ಕುಸಿದು ಜೋರಾಗಿ ಅತ್ತುಬಿಟ್ಟೆ. "ಎಂಥಾ ಮಗಳನ್ನ ಕಳಕೊಂಡ್ಯೋ ಊರೇ" ಎಂದು ನನ್ನ ಬಾಯಿಂದ ಬಂತು. ಲಿಂಡಾ ಗಾಬರಿಯಾಗಿ ನನ್ನ ಕಡೆ ಬಂದಳು. ಅವಳಿಗಿಂತ ಮೊದಲು ರೇ ಬಂದ. ನನ್ನ ಎದುರಿಗೆ ನೆಲದ ಮೇಲೇ ಕೂತ. ನನ್ನ ಕೈ ಹಿಡಿದುಕೊಂಡು, ಬಾಯಿ ತೆರೆದು, ಅಷ್ಟು ದೊಡ್ಡ ಮನುಷ್ಯ ಮಗುವಿನಂತೆ ಅತ್ತ. ಸುತ್ತ ನಿಂತವರಲ್ಲೂ ಒಬ್ಬೊಬ್ಬರೇ ಅಳತೊಡಗಿದರು. ಆವತ್ತು ಯಾರೂ ಬೇಗ ಎದ್ದು ಹೋಗಲಿಲ್ಲ.

ಆಮೇಲೆ ಅವನು ಎರಡು ತುತ್ತು ಅನ್ನ ಉಂಡ. ಉಂಡು ಮಲ್ಲಿಕಾರ್ಜುನನನ್ನು ಕೇಳಿದ: "ನಿಮ್ಮ ದೇಶದಲ್ಲಿ ಬಂದೂಕು ಬೇಕಾದರೆ ಏನು ಮಾಡುತ್ತೀರಿ?"

ತಮ್ಮ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ. ಅರ್ಜಿ ಕೊಡಬೇಕು, ಯಾತಕ್ಕೆಂದು ಹೇಳಬೇಕು. ಪೊಲೀಸರು ಬಂದು ವಿಚಾರಿಸುತ್ತಾರೆ. ಚುನಾವಣೆ ಬಂದರೆ ಒಯ್ದು ಠಾಣೆಯಲ್ಲಿಡಬೇಕು.

"ವಿಚಾರಿಸುವುದೆಂದರೆ ಯಾರನ್ನು?"

"ಅಕ್ಕಪಕ್ಕದವರನ್ನ. ಈ ಮನುಷ್ಯ ಹೇಗೆ, ಜಗಳಗಂಟನಾ ಅಂತ."

ರೇ ತಟ್ಟೆಯನ್ನು ಪಕ್ಕಕ್ಕಿಟ್ಟ. "ನೆರೆಯವರನ್ನು ಕೇಳುತ್ತಾರೆ?" ಅಂದ. ಹಿಂದಿನ ಬೀದಿಯ ಕಡೆ ಕೈ ತೋರಿಸಿ, "ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಕ್ಯಾರಲ್ ಕೂಡ ಹೇಳುತ್ತಿದ್ದಳು. ಆ ಹುಡುಗ ಸರಿಯಿಲ್ಲ ಅಂತ ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ನಮ್ಮನ್ನು ಕೇಳಲಿಲ್ಲ" ಅಂದ.

ನಮ್ಮ ಕಡೆಯೂ ಎಲ್ಲ ನೆಟ್ಟಗಿಲ್ಲ, ಕೈ ಬಿಸಿ ಮಾಡಿದರೆ ನೆರೆಯವರನ್ನು ಕೇಳದೆಯೇ ಕೆಲಸವಾಗುತ್ತದೆ ಎಂಬುದನ್ನೂ ತಮ್ಮ ಬಚ್ಚಿಡಲಿಲ್ಲ. ಮನೆಗೆ ಬರುತ್ತ ರಸ್ತೆ ನಡುವೆ ನಿಂತು ನನಗೆ ಹೇಳಿದ, "ಅಕ್ಕಾ, ನನ್ನ ಅರ್ಜಿ ವಾಪಸ್ ತಗೋತೀನಿ. ನನಗ್ಯಾಕ ಬೇಕಾಗಿತ್ತು ಪಿಸ್ತೂಲು? ಮಂದಿ ನೋಡ್ಲಿ ಅಂತ. ಅಷ್ಟ."

ಸಭೆ

ಭಾನುವಾರ ಸಭಾಂಗಣದಲ್ಲಿ ಊರ ಸಭೆ. ನಮ್ಮ ಗ್ರಾಮಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿ, ಯಾರೂ ಕೇಳಿಸಿಕೊಳ್ಳದೆ ಏಳುತ್ತೇವೆ. ಇಲ್ಲಿ ಮಾತಾಡುವವರು ಸಾಲಾಗಿ ನಿಂತಿದ್ದರು. ಒಬ್ಬ ಮೇಷ್ಟ್ರು, ಇಂಥ ಬಂದೂಕು ಅಂಗಡಿಯಲ್ಲಿ ಇರಲೇಬಾರದು ಅಂದರು. ಅವರ ಹಿಂದೆ ನಿಂತಾಕೆ, ಅಂಗಡಿಯಲ್ಲಿ ಇನ್ನೊಬ್ಬರ ಬಳಿ ಬಂದೂಕು ಇದ್ದಿದ್ದರೆ ತನ್ನ ತಮ್ಮ ಉಳಿಯುತ್ತಿದ್ದ ಎಂದು ಅತ್ತಳು. ಮೇಷ್ಟ್ರೇ ಹೋಗಿ ಆಕೆಯನ್ನು ಕುರ್ಚಿಗೆ ಕರೆತಂದರು. ಟಿವಿಯವರು ಆ ರಾತ್ರಿ ಇಬ್ಬರ ಮಾತನ್ನೂ ತೋರಿಸಿದರು, ಕೈ ಹಿಡಿದು ಕರೆತಂದದ್ದನ್ನು ತೋರಿಸಲಿಲ್ಲ.

ಕಡೆಗೆ ರೇ ಎದ್ದ. ಕ್ಯಾಮೆರಾಗಳೆಲ್ಲ ಅವನ ಕಡೆ ತಿರುಗಿದವು.

"ನನ್ನ ಮನೆಯಲ್ಲೂ ಬಂದೂಕುಗಳಿವೆ" ಅಂದ. "ಕಾನೂನು ಹೇಗಿರಬೇಕು ಎಂದು ಹೇಳುವಷ್ಟು ನಾನು ಓದಿಲ್ಲ. ಆದರೆ ಬಂದೂಕು ಕೊಡುವ ಮೊದಲು ಯಾರಾದರೂ ಬಂದು ನಮ್ಮ ಬಾಗಿಲು ತಟ್ಟಲಿ. ಕೇಳಲಿ. ಅಷ್ಟಕ್ಕೆ ನನ್ನ ಸ್ವಾತಂತ್ರ್ಯ ಹೋಗುವುದಿಲ್ಲ." ಆಮೇಲೆ ಟಿವಿಯವರ ಕಡೆ ತಿರುಗಿದ. "ಅವನ ಹೆಸರು ನಿಮಗೆಲ್ಲ ಬಾಯಿಪಾಠ ಆಗಿದೆ. ನನ್ನ ಹೆಂಡತಿಯ ಹೆಸರು ಕ್ಯಾರಲ್. ಅದನ್ನೂ ಕಲಿತುಕೊಳ್ಳಿ."

ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಕೈಕಟ್ಟಿ ಕೂತರು. ಒಂದಿಬ್ಬರು ಎದ್ದೇ ಹೋದರು. ಸಭೆಯಲ್ಲಿ ಏನೂ ತೀರ್ಮಾನವಾಗಲಿಲ್ಲ. ನಾವು ಊರು ಬಿಡುವ ಹೊತ್ತಿಗೆ ವ್ಯಾನುಗಳು ಆಗಲೇ ಹೋಗಿದ್ದವು. ಹುಲ್ಲಿನ ಮೇಲೆ ಅವುಗಳ ಗಾಲಿಯ ಗುರುತು ಉಳಿದಿತ್ತು.

ಹಂಪಿ

ಮನೆಗೆ ಬಂದಾಗ ಅಂಗಳದಲ್ಲಿ ಮತ್ತೆ ಮಂದಿ. ನನ್ನನ್ನು ಮುಟ್ಟಿ ಮುಟ್ಟಿ ನೋಡಿದರು. ಗಂಡಸರೆಲ್ಲ ಕೇಳಿದ್ದು ಒಂದೇ. ಹೊಡೆದವನು ಯಾರು, ಎಂಥಾ ಬಂದೂಕು, ಎಷ್ಟು ಗುಂಡು. ಟಿವಿಯಲ್ಲಿ ನೋಡಿ ಅವನ ಹೆಸರನ್ನೂ ಕೆಲವರು ಕಲಿತಿದ್ದರು. ನಾನು ಕ್ಯಾರಲ್‌ಳ ಕತೆ ಹೇಳಿದೆ. ತಲೆ ತೂಗಿದ್ದು, ಕೊತ್ತಂಬರಿ ಕಟ್ಟು, ಅವಳ ಸಾರಿನ ಬಟ್ಟಲು, ಹೊಸ್ತಿಲಲ್ಲಿ ನಿಂತ ನಾಯಿ.

ಪಕ್ಕದ ಮನೆಯ ನೀಲಮ್ಮಜ್ಜಿ ಬಾಳೆತೋಟದಲ್ಲಿ ದುಡಿಯುವಾಕೆ. ನಾನು ಸತ್ತೆನೆಂದು ಎಲ್ಲರಿಗಿಂತ ಹೆಚ್ಚು ಅತ್ತವಳಂತೆ. "ಆ ಗಂಡಸು ಈಗ ಒಬ್ಬನ ಅದಾನೇನು?" ಅಂದಳು.

"ಒಬ್ಬನ, ಅಜ್ಜಿ."

"ಹಂಗಾದ್ರ ಏಳು. ಅವನ ಹೆಸರೀಲೆ ಒಂದು ಅರ್ಚನಿ ಮಾಡಿಸೂನು. ಸತ್ತೋರಿಗೆ ದೇವರು ಅದಾನ. ಉಳಿದೋರಿಗೆ ನಾವು ನೋಡಬೇಕು."

ಸಂಜೆ ವಿರೂಪಾಕ್ಷನ ಗುಡಿಗೆ ಹೋದೆವು. ಅರ್ಚಕರು ತಟ್ಟೆ ತೆಗೆದುಕೊಂಡು, "ಯಾರ ಹೆಸರಿಗ್ರಿ?" ಅಂದರು.

"ರೇ."

"ರಾಯಪ್ಪನಾ?"

"ಅಲ್ರಿ. ಬರೇ ರೇ."

"ನಕ್ಷತ್ರ? ಗೋತ್ರ?"

ನನಗೇನು ಗೊತ್ತು? ಅಜ್ಜಿಯ ಮುಖ ನೋಡಿದೆ. "ಗೋತ್ರ ಯಾವ್ದು ಅಂತ ಗೊತ್ತಿಲ್ಲದಾಂವಗೆ ಶಿವಗೋತ್ರ ಅನ್ರಿ" ಅಂದಳು ಅಜ್ಜಿ. ಅರ್ಚಕರು ಒಳಗೆ ನಡೆದರು. ಗರ್ಭಗುಡಿಯ ಕತ್ತಲಿನಿಂದ ಅವರ ದನಿ ಬಂತು. ಶಿವಗೋತ್ರೋದ್ಭವಸ್ಯ, ರೇ ನಾಮಧೇಯಸ್ಯ, ಸಹಕುಟುಂಬಸ್ಯ.

ಅವನಿಗೆ ಕುಟುಂಬ ಎಲ್ಲಿದೆ, ತಡೆಯಲೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನೀಲಮ್ಮಜ್ಜಿ, ಅವಳ ಸೊಸೆ, ನನ್ನ ಯಜಮಾನರು, ತಮ್ಮ, ಎಲ್ಲರೂ ಕೈಮುಗಿದು ತಲೆ ಬಾಗಿಸಿದ್ದರು. ನಾನೂ ಬಾಗಿಸಿದೆ.